ಕೊರಳ ತನಕ

ಬಸರಾಳು ಬಸ್ಸಿಳಿದು, ಮಂಡ್ಯದ ಗುತ್ತಲು ರಸ್ತೆಯ ನನ್ನ ಅಂಗಡಿಗೆ
ಹೊಂಬಾಳಮ್ಮ ಬಂದದ್ದು ಮಂಗಳವಾರ, ಕರೆಂಟು ಹೋದ ಹೊತ್ತು.
ಸೆರಗಿನ ಗಂಟಿನಲ್ಲಿ ದುಡ್ಡು,
ರಾಗಿಹಿಟ್ಟಿನ ಕವರಿನಲ್ಲಿ ಒಂದು ಡಿವಿಡಿ.
ನಡುವಿನ ತೂತಿಗೆ ಗೋಣಿದಾರ
ಕಟ್ಟಿದ್ದು ಕಟ್ಟಿದ ಹಾಗೇ ಇತ್ತು.

"ಎರಡು ವರ್ಷ ಅವರೆ ಚಪ್ಪರಕ್ಕೆ ನೇತಾಕಿದ್ವಿ ಕಣಪ್ಪ,
ಗಿಣಿ ಬರದೇ ಇರ್ಲಿ ಅಂತ.
ಮದ್ವೆದು ಅಂತ ಯಾರಿಗ್ಗೊತ್ತು?
ಹೊಳೀತಿತ್ತು, ಕಟ್ಟುದ್ವಿ."

ಬರಲಿಲ್ವಾ ಗಿಣಿ, ಅಂದೆ.

"ಬರದೆ? ಅದ್ರಲ್ಲೇ ಮೊಕ ನೋಡ್ಕಂಡು
ತಿಂದ್ಕಂಡು ಹೋದೋ."

ಆಕೆಗೆ ಬೇಕಿದ್ದದ್ದು ತಮ್ಮನ ಮದುವೆಯಲ್ಲ, ಹೆಣ್ಣುಗಂಡೂ ಅಲ್ಲ.
ಒಂದು ಅಡ್ಡಿಕೆ.
ಬೀಗರೂಟದ ದಿನ ತಂಗಿ ಈರತಾಯಿ ಕೇಳಿ ಹಾಕಿಕೊಂಡದ್ದು,
ಹದಿನೇಳು ವರ್ಷದಿಂದ
"ನಾನ್ಯಾವಾಗ ಈಸ್ಕಂಡೆ?" ಅನ್ನುತ್ತಿರುವುದು.
"ಅವಳ ಕತ್ತೊಂದು ತೋರಿಸ್ಬುಡು, ಸಾಕು.
ಆಮ್ಯಾಕೆ ನಾನುಂಟು ಅವಳುಂಟು."

ತಿರುಗಿಸಿ ನೋಡಿದೆ. ಹಸಿರು ಮಾರ್ಕರಿನಲ್ಲಿ
'ಶುಭ ವಿಹಾಹ, ೨೦೦೭'.
ಆ ಕಾಗುಣಿತ ನನ್ನದೇ.

ವಿನೋಬಾ ರಸ್ತೆಯ ಸ್ಟುಡಿಯೋದಲ್ಲಿ ರಾತ್ರಿಪಾಳಿ,
ನನಗೆ ಹತ್ತೊಂಬತ್ತು.
ನೂರರ ಕಟ್ಟಿನಲ್ಲಿ ಬರುತ್ತಿದ್ದ ಅಗ್ಗದ ತಟ್ಟೆಗಳು.
ಎಲ್ಲಕ್ಕಿಂತ ಜೋರಿನ ವೇಗ ಒತ್ತುತ್ತಿದ್ದೆ,
ಸರಿಯಾಗಿ ಕೂತಿತೇ ಎಂದು ಕೇಳುವ ಕಿಟಕಿಗೆ
ಬೇಡ ಅನ್ನುತ್ತಿದ್ದೆ; ಏಳು ನಿಮಿಷ ಉಳಿಯುತ್ತಿತ್ತು.
ಬೆಳಗ್ಗೆ ಕಂಪ್ಯೂಟರಿನ ಮದುವೆ ಅಳಿಸಿ
ಇನ್ನೊಂದು ಮದುವೆಗೆ ಜಾಗ.

ಶುಕ್ರವಾರ ಬನ್ನಿ, ಅಂದೆ.
ಇದಿಷ್ಟನ್ನೂ ಹೇಳಲಿಲ್ಲ.

ಒಗೆದು ಒಗೆದು ಮೆತ್ತಗಾದ ಪಂಚೆಯ ತುಂಡು.
ಒರೆಸುವುದು ತೂತಿನಿಂದ ಅಂಚಿಗೆ, ನೇರ;
ಸುತ್ತ ತಿರುವಿ ಒರೆಸಿದರೆ ಇದ್ದದ್ದೂ ಹೋದೀತು.
ಹಳೆಯ ಡ್ರೈವು ಎಳೆದುಕೊಂಡಿತು,
ಗೆಣ್ಣು ಸಿಕ್ಕಿದ ಗಾಣದ ಹಾಗೆ ನರಳಿತು,
ನಿಂತಿತು, ಮತ್ತೆ ಅದೇ ಜಾಗಕ್ಕೆ ಬಂತು.
ಒಂದೊಂದು ಗೀರಿಗೂ ನಲವತ್ತು ಸಲ
ಅದೇ ಪ್ರಶ್ನೆ ಕೇಳುವ ತಾಳ್ಮೆ ಯಂತ್ರಕ್ಕಿದೆ.
ನಾನು ಮಧ್ಯೆ ಟೀಗೆ ಎದ್ದುಹೋದೆ.

ಒಳಗಿನಿಂದ ಹೊರಕ್ಕೆ ಬರೆದುಕೊಳ್ಳುವ ತಟ್ಟೆ ಇದು.
ಚಪ್ಪರಶಾಸ್ತ್ರ, ಅರಿಶಿನ ತೂತಿನ ಪಕ್ಕ,
ಧಾರೆ ನಡುವೆ,
ಬೀಗರೂಟ ಕಟ್ಟಕಡೆಗೆ, ಅಂಚಿನಲ್ಲಿ.
ಬಿಸಿಲು ಮೊದಲು ತಿಂದದ್ದು
ಅಂಚನ್ನೇ.

ಗುರುವಾರ ರಾತ್ರಿ ಹೊತ್ತಿಗೆ ಹೆಣ್ಣಿನ ಅರ್ಧ ಕೈ ಬಂತು, ಬಳೆ ಸಮೇತ.
ವಾಲಗದವನ ಉಬ್ಬಿದ ಕೆನ್ನೆ ಮಾತ್ರ ಬಂತು.
ಯಾರದೋ ಮಗು ಅಳುತ್ತ ಪೂರ್ತಿಯಾಗಿ ಬಂತು, ಯಾರಿಗೂ ಬೇಡದ್ದು.
ಐನೂರ ಎಂಬತ್ತೆಂಟನೆಯದು ಈರತಾಯಿ.

ಶುಕ್ರವಾರ ತೆರೆದು ತೋರಿಸಿದೆ.
ಮುಡಿಗೆ ಕನಕಾಂಬರ, ಹಣೆ, ನಗುವ ಕಣ್ಣು,
ಹಲ್ಲಿನ ಮೇಲೊಂದು ಹಲ್ಲು, ಗಲ್ಲದ ಮಚ್ಚೆ.
ಅಲ್ಲಿಂದ ಕೆಳಗೆ ಬೂದು.
ಗಾರೆಯವನು ರಸಮಟ್ಟ ಹಿಡಿದು ಎಳೆದ ಹಾಗೆ
ಮಟ್ಟಸ ಬೂದು.

"ಕೆಳೀಕ್ ಸರುಸು."
ಸರಿಸಿದೆ. ಬೂದು.
ಆಕೆ ಮೇಜಿನ ಮೇಲೆ ಬಗ್ಗಿ, ತಲೆ ವಾಲಿಸಿ,
ಪರದೆ ಎತ್ತಿ ಇಣುಕುವವರ ಹಾಗೆ
ಕಂಪ್ಯೂಟರಿನ ಕೆಳಗಿನಿಂದ ನೋಡಿದರು.

ತುಂಬ ಹೊತ್ತು ಮಾತಿಲ್ಲ.
ಹೊರಗೆ ಕಬ್ಬಿನ ಗಾಡಿಯೊಂದು ಹಾದುಹೋಯಿತು.

"ಆ ಹಲ್ಲು ಕೀಳಿಸ್ಬುಟ್ಲು, ನೋಡು," ಅಂದರು,
"ಮೂರು ಸಾವ್ರ ಕೊಟ್ಟು.
ಏಟ್ ಚೆಂದಾಗಿತ್ತು."

ಆಮೇಲೆ ಸೆರಗಿನ ಗಂಟು ಬಿಚ್ಚುತ್ತ:
"ಇದ್ನೇ ಎರಡು ತಕ್ಕೊಡು, ದೊಡ್ಡದಾಗಿ.
ಬೂದಿ ಕತ್ತರಿಸ್ಬ್ಯಾಡ, ಇರ್ಲಿ.
ಒಂದು ಅವಳ್ಗೆ ಕಳಿಸ್ತೀನಿ.
ಕೆಳೀಕೇನಿತ್ತು ಅಂತ
ಅವಳೇ ನೋಡ್ಕಳ್ಳಿ."

ದುಡ್ಡು ಬೇಡ, ಅಂದೆ.
"ಯಾಕಪ್ಪ? ಬಂತಲ್ಲ!"

ಡಿವಿಡಿಯ ಬರಹದ ಮುಖ ಕೆಳಗೆ ಮಾಡಿ
ರಾಗಿಹಿಟ್ಟಿನ ಕವರಿಗೆ ಹಾಕಿದೆ,
ದಾರ ಸಮೇತ.