ಇತರೆ

ಬೀದರಿನ ಉದಗೀರ ರಸ್ತೆ, ಸಂಜೆ ಆರೂಮುಕ್ಕಾಲು.
ಕಬ್ಬಿಣದ ಜಾಲರಿಯ ಮುಂದೆ ನಿಂತಿದ್ದೇನೆ,
ಹೆಗಲಲ್ಲಿ ಚೀಲ, ಚೀಲದೊಳಗೆ
ಯಾವುದೋ ಸಹಕಾರ ಸಂಘದ ಮೂರು ವರ್ಷದ ತಪ್ಪು.
ಮುಂಚೆ ಬಂದ ಗಂಡಸರು ಸರಿದು ದಾರಿ ಬಿಟ್ಟರು,
ಹೆಣ ಬಂದರೆ ಬಿಡುತ್ತಾರಲ್ಲ, ಹಾಗೆ.

"ಯಾರಿಗ್ ಬೇಕ್ರಿ ಅಕ್ಕಾ?" ಎಂದ ವೈಜಿನಾಥ.
ಹೆಸರು ಪರವಾನಗಿಯ ಚೌಕಟ್ಟಿನಲ್ಲಿತ್ತು;
ಗೋಡೆಯ ಕಾಗದ ಓದದೆ ಬಿಟ್ಟವಳಲ್ಲ ನಾನು.
"ನನಗೇ."
ಅವನ ತಲೆಯ ಮೇಲೆ ಫ್ಯಾನು ಎರಡು ಸುತ್ತು ತಿರುಗಿತು.

ಗೊತ್ತಿದ್ದದ್ದು ಒಂದೇ ಹೆಸರು, ಪೋರ್ಟು.
ಚಿತ್ರದುರ್ಗದಲ್ಲಿ, ನನಗೆ ಒಂಬತ್ತಿದ್ದಾಗ,
ಪುಟ್ಟೀರಮ್ಮ ಚಿಕ್ಕಮ್ಮನ ಬಾಣಂತಿ ಕೋಣೆ:
ಬೆಳ್ಳುಳ್ಳಿ, ಸಾಂಬ್ರಾಣಿ, ಗೂಡಿನಲ್ಲೊಂದು ಸೀಸೆ,
ರಾತ್ರಿಗೆ ಒಂದು ಒಳಲೆ ಕೆಂಪು.
"ಔಷಧಿ ಕಣೇ, ಮುಟ್ಟಬೇಡ."
ಮುಟ್ಟಲಿಲ್ಲ.
ಒಳಲೆ ತೊಳೆಯಲು ಕೊಟ್ಟರು,
ಬಚ್ಚಲಲ್ಲಿ ಕೂತು ನೆಕ್ಕಿದೆ.
ಒಟ್ಟು ಅನುಭವ ಮೂರು ಹನಿ,
ನಲವತ್ತೆರಡು ವರ್ಷ ಹಳೆಯದು.

ನಾಲ್ಕು ಸೀಸೆ ಇಳಿಸಿ ಧೂಳು ಒರೆಸಿದ.
"ಇದು ಸಿಹಿ. ಇದು ಭಾಳ ಸಿಹಿ, ಪಾಕ ಇದ್ದಂಗ. ಇದು ಡ್ರೈ."
ಡ್ರೈ ಅಂದರೆ?
"ಒಣದು ರೀ. ಸಕ್ಕರಿ ಉಳ್ದಿರಲ್ಲ."
ಕುಲುಕಿದರೆ ಒಳಗೆ ಒದ್ದೆಯೇ ಸದ್ದು ಮಾಡಿತು.

ಸಾದಾ ವೈನಿಗೂ ಇದಕ್ಕೂ ಏನಪ್ಪ ವ್ಯತ್ಯಾಸ?
ಸ್ಟೂಲು ಎಳೆದುಕೊಂಡ, ಉಳಿದ ಗಿರಾಕಿ ಕಾಯಲಿ ಎಂಬಂತೆ.
"ದ್ರಾಕ್ಷಿ ರಸ ಕುದೀಲತ್ತಿರ್ತದಲ್ರಿ,
ಬೆಂಕಿ ಇಲ್ದೇ, ತನ್ನಷ್ಟಕ್ ತಾನು,
ಪೂರಾ ಆಗೂಕಿನ್ನ ಮೊದ್ಲೇ ನಡುವ್ ಬ್ರಾಂಡಿ ಸುರೀತಾರ.
ಹುದುಗು ಅಲ್ಲೇ ಸತ್ ಬೀಳ್ತದ.
ಉಳಿದ ಸಿಹಿ ಒಳಗೇ ಸಿಕ್ಕೊಂಡ್ ಬಿಡ್ತದ.
ಸುತ್ತ ಕೋಟಿ ಕಟ್ಟಿದಂಗ ತಿಳೀರಿ."
ಕೋಟಿ ಎಂದಾಗ ನನಗೆ ರೂಪಾಯಿ ಕೇಳಿಸಿತು, ವೃತ್ತಿದೋಷ.
ಅವನ ಗದ್ದ ತೋರಿಸಿದ್ದು ಊರಂಚಿನ ಕೆಂಪು ಗೋಡೆಯ ಕಡೆ.

ಕನ್ನಡಕ ಹಾಕಿ ಚೀಟಿ ಓದಿದೆ:
ಶೇಕಡಾ ಹದಿನೇಳು, ತುಂಬಿದ ತಿಂಗಳು, ಬ್ಯಾಚ್ ಸಂಖ್ಯೆ.
ಒಂದರಲ್ಲಿ ಬೆಲೆಯ ಮೇಲೆ ಇನ್ನೊಂದು ಬೆಲೆ ಅಂಟಿಸಿತ್ತು.
ಉಗುರಿನಿಂದ ಕೆರೆದೆ.
"ಅಕ್ಕಾ, ನೀವು ಅಬಕಾರಿದವ್ರೇನ್ರಿ?"
ನನ್ನ ಹಿಂದಿನ ಸಾಲು ಅರ್ಧ ಕರಗಿತು.

ಅಲ್ಲಪ್ಪ, ಪರಊರಿನವಳು.
ಲಾಡ್ಜಿನಲ್ಲಿ ಬಿರಡೆ ಕೀಳಲು ಏನೂ ಇಲ್ಲ.
"ಹಂಗಾರ ತಿರುಪಿನ ಮುಚ್ಚಳದ್ ಒಯ್ರಿ, ಅರ್ಧದ್ದು.
ತೆಗದ್ರೂ ತಿಂಗ್ಳತನ ತಡೀತದ;
ಸಾದಾದು ನಾಕ್ ದಿನಕ್ಕೇ ಮಾರಿ ಹುಳಿ ಮಾಡ್ತದ.
ಊಟ ಆದ್ಮ್ಯಾಲ, ಸಣ್ಣ ಗ್ಲಾಸು, ಜರಾ ಜರಾ."
ರಸೀದಿ ಕೇಳಿದೆ. ಜನ್ಮದಲ್ಲಿ ಯಾರೂ ಕೇಳಿರಲಿಲ್ಲವೇನೋ,
ಕ್ಯಾಲೆಂಡರಿನ ಹಳೇ ಹಾಳೆ ಹರಿದು ಬರೆದುಕೊಟ್ಟ.
ಉರ್ದು ಪತ್ರಿಕೆಯಲ್ಲಿ ಸುತ್ತಿದ. ಬಲದಿಂದ ಎಡಕ್ಕೆ
ಸುದ್ದಿಗಳು ಸೀಸೆಯನ್ನು ಬಳಸಿಕೊಂಡವು.

ಹನ್ನೊಂದನೇ ಕೋಣೆ. ಹಲ್ಲುಜ್ಜುವ ಲೋಟ.
ಮೊದಲ ಗುಟುಕು ಕೆಮ್ಮಿನ ಔಷಧಿ.
ಎರಡನೆಯದು ಒಣದ್ರಾಕ್ಷಿ ನೆನೆಸಿಟ್ಟ ನೀರು.
ಮೂರನೆಯದಕ್ಕೆ ಆ ಬಾಣಂತಿ ಕೋಣೆ ಬಂದೀತೆಂದು ಕಾದೆ.
ಬರಲಿಲ್ಲ.
ಎದೆಯ ನಡುವೆ ಸಣ್ಣದೊಂದು ಬಿಸಿ ಬಂದು ಕೂತಿತು,
ಪರಿಚಯವಿಲ್ಲದ್ದು, ಅಂಗಾಲು ಚಾಚಿಕೊಂಡು.

ಭತ್ಯೆಯ ನಮೂನೆ ತೆಗೆದೆ. ಬಸ್ಸು, ಆಟೊ, ಊಟ.
ಬೇರೆಯವರ ಪುಸ್ತಕದಲ್ಲಿ "ಇತರೆ" ಕಂಡಲ್ಲೆಲ್ಲ
ಮೂವತ್ತು ವರ್ಷ ಕೆಂಪಿನಲ್ಲಿ ಬರೆದವಳು: ವಿವರ ಕೊಡಿ.
ನಮೂನೆ ಮಡಚಿಟ್ಟು ನನ್ನದೇ ಡೈರಿಯಲ್ಲಿ ಬರೆದೆ:
ಇತರೆ, ಮುನ್ನೂರ ನಲವತ್ತು.
ವಿವರ ಕೊಡಲಿಲ್ಲ.

ಮಲಗುವ ಮುನ್ನ ಸೀಸೆಯ ಚೀಟಿಯ ಮೇಲೆ
ಉಳಿದ ಮಟ್ಟಕ್ಕೆ ಪೆನ್ನಿನ ಗೆರೆ ಎಳೆದು
ತಾರೀಖು ಹಾಕಿ ಸಹಿ ಮಾಡಿದೆ.
ಹತ್ತು ನಿಮಿಷ ಬಿಟ್ಟು
ಅರ್ಧ ಬೆರಳು ಕೆಳಗೆ, ಇನ್ನೊಂದು ಗೆರೆ.