ಒಂದು ಗೇಣು

ಈ ಪೈಪ ಇಟ್ಟಾವ ನಾನ.
ನಂದಗಡದ ಆಚೆ, ಅತ್ತಿಹಳ್ಳ ರಸ್ತೆ ದಾಟೂ ಜಾಗಾದಾಗ,
ಇಪ್ಪತ್ತೆರಡು ವರ್ಷದ ಹಿಂದ
ಹನ್ನೊಂದು ಮಂದಿ ಹಗ್ಗಾ ಹಾಕಿ ಇಳಿಸಿದ್ವಿ.
ಗುತ್ತಿಗೆದಾರ ಹುಂದ್ರೆ ಬೀಡಿ ತುದಿಯಿಂದ ತೋರಿಸಿ
‘ಇಷ್ಟ ಎತ್ತರ ಸಾಕು’ ಅಂದ.
ನೀರು ಹರೀತು. ಬಿಲ್ಲೂ ಪಾಸಾತು.

ಈಗ ತಹಸೀನ್ ಅನ್ನೂ ಹುಡುಗಿ
ಧಾರವಾಡದಿಂದ ಬಂದು, ರಬ್ಬರ್ ಬೂಟು ಹಾಕ್ಕೊಂಡು
ಹಳ್ಳದಾಗ ಗೆರಿಮೀನು ಎಣಸ್ತಾಳ.
ಬೆರಳುದ್ದ ಮೀನು, ಪಕ್ಕೀಗೆ ಏಳು ನೀಲಿ ಗೆರಿ.
ನಾ ಬಕೀಟು ಹಿಡ್ಯಾಂವ, ದಿನಕ್ಕ ಐದನೂರು.
ಹಿಡದು, ಅಳದು, ಮತ್ತ ನೀರಿಗೇ ಬಿಡ್ತಾಳ.
ಮೊದಲನೇ ದಿನ ನನಗ ಹೊಟ್ಟಿ ಉರೀತು.

ವಹಿ ತುಂಬ ಮೀನಿಗಿಂತ ಬ್ಯಾರೇದ್ದs ಜಾಸ್ತಿ:
ದಂಡಿ ಎಷ್ಟು ಇಳಿಜಾರ, ಕಲ್ಲು ಮುಷ್ಟಿ ಗಾತ್ರೋ ತಲಿ ಗಾತ್ರೋ,
ಮಧ್ಯಾಹ್ನ ಹನ್ನೆರಡಕ್ಕ ನೀರಿನ ಮ್ಯಾಲೆ ನೆರಳು ಎಷ್ಟು ಮಾರು.
‘ಮೀನಿನ ಲೆಕ್ಕದಾಗ ಗುಡ್ಡ ಯಾಕವ್ವಾ?’ ಅಂದೆ.
‘ಕೈ ಹಾಕ್ರಿ ನಾಗೋಜಿ ಕಾಕಾ.’
ಹೊಳೆಮತ್ತಿ ಬೇರಿನ ಬುಡಕ್ಕ ಹಾಕಿದೆ, ಹೊಸಾ ಗಡಿಗಿ ನೀರಿನ ತಂಪು.
ಕಬ್ಬಿನ ಹೊಲದ ಮಗ್ಗಲಿಗೆ ಹಾಕಿದೆ,
ಮರಾ ಕಡದಲ್ಲೆ, ಜೆಸಿಬಿ ಮಣ್ಣು ಜಾರಿದಲ್ಲೆ,
ಉಗುರು ಬೆಚ್ಚಗಾತು, ರಾಡಿ ಮಣಿಕಟ್ಟು ನುಂಗ್ತು.
‘ತತ್ತಿ ಎಲ್ಲಿಡಬೇಕು ಹೇಳ್ರಿ ಇಲ್ಲೆ?’
ನನ್ನ ಕೇಳಿದಂಗ ಕೇಳಿದ್ಲು. ನಾ ಏನ ಹೇಳ್ಲಿ.

ಶುಕ್ರವಾರ ಪೈಪಿನ ಹತ್ರ ಬಂದ್ವಿ.
ಕೆಳಗಿನ ಮಡುವಿನಾಗ ನಲವತ್ಮೂರು.
ಮ್ಯಾಲಿನ ಹಳ್ಳದಾಗ, ಅರ್ಧ ಮೈಲು ಹುಡಕಿದ್ರೂ, ಐದು.
ಐದೂ ಮುದುಕರು. ಮರಿ ಒಂದೂ ಇಲ್ಲ.
ಮ್ಯಾಲೆ ನೆರಳೈತಿ, ಕಲ್ಲೈತಿ, ನೀರು ಹಾಲಿನಂಥಾದೈತಿ,
ಎಲ್ಲಾ ಇದ್ದೂ ಮಂದಿ ಇಲ್ಲದ ಓಣಿ.
ಪೈಪಿನ ತುಟಿಯಿಂದ ನೀರಿಗೆ ಟೇಪು ಇಳಿಬಿಟ್ಲು:
ಒಂದು ಗೇಣು, ಮ್ಯಾಲೆ ನಾಕು ಬಟ್ಟು.
‘ಯಾವ ಪುಣ್ಯಾತ್ಮ ಇಟ್ಟಾನೋ ಇದನ್ನ’ ಅಂದ್ಲು.
ಬಕೀಟು ಈ ಕೈಯಿಂದ ಆ ಕೈಗೆ ತಗೊಂಡೆ.

ಆಗ ಒಂದು ಜಿಗೀತು. ಸಿಮೆಂಟಿಗೆ ಬಡದು
ಟಪ್ ಅಂತ ಬಿತ್ತು. ಮತ್ತೊಂದು, ಟಪ್.
ಈ ಸಪ್ಪಳ ನನಗ ಗೊತ್ತೈತಿ.
ಸಂಜೀಮುಂದ ಇದs ಕಟ್ಟೀ ಮ್ಯಾಲೆ ಕುಂತು
ಎಷ್ಟು ವರ್ಷ ಎಲಿ ಅಡಿಕಿ ಹಾಕ್ಕೊಂಡೀನಿ,
ಪೈಪಿನಿಂದ ಹನಿ ಬೀಳ್ತಾವ ಅನ್ಕೊಂಡಿದ್ದೆ.

ರವಿವಾರ ಆಕಿ ಊರಿಗೆ ಹೋದ್ಲು.
ನಾ ಒಬ್ಬಾಂವ ಹಳ್ಳಕ್ಕ ಇಳದೆ.
ಮಡುವಿನ ಕೆಳದಂಡಿಗೆ ಕಲ್ಲು ಸೇರಿಸಿದೆ, ಅಡ್ಡಡ್ಡ,
ದೊಡ್ಡಾವು ಕೆಳಗ, ನಡುವ ಸಣ್ಣಾವು ಗಿಡದು,
ನೀರು ನಿಲ್ಲಬೇಕು, ಆದ್ರ ಕಟ್ಟಬಾರದು.
ಬೆನ್ನು ಹಿಡೀತು. ಹೊತ್ತು ಮುಳುಗೂದ್ರಾಗ
ಮಡುವು ಆರು ಬಟ್ಟು ಏರಿತ್ತು.
ಇನ್ನೂ ಬೇಕು.

ನಾಳೆ ಸೋಮವಾರ. ಆಕಿ ಟೇಪು ಬಿಡ್ತಾಳ,
ವಹಿಯೊಳಗಿನ ಲೆಕ್ಕಕ್ಕ ಕೂಡೂದಿಲ್ಲ,
ಮಾರಿ ಎತ್ತಿ ನನ್ನ ನೋಡ್ತಾಳ.
ಹೇಳಬೇಕು.
ಮೊದಲ ಯಾವುದು ಹೇಳ್ಲಿ,
ಕಲ್ಲಿಂದೋ, ಪೈಪಿಂದೋ?