ಕುಯ್ಯದೆ ನೋಡುವುದು

ಹತ್ತಕಡಕು ಬಿಚ್ಚಬೇಕೆಂದಾಗ
ಮೊಗಣ್ಣಯ್ಯ ನನ್ನನ್ನೇ ದಿಟ್ಟಿಸಿದರು.
ಮದುವೆಯ ಹಿಂದಿನ ದಿನ ತಿರುಪು ಬಿಗಿದದ್ದು,
ನಲವತ್ತೊಂದು ವರ್ಷ.
ಹೆಂಡತಿ ಸೋಪಿನ ನೊರೆ ಹಚ್ಚಿ, ಬೈದು, ಮತ್ತೆ ಹಚ್ಚಿ
ಕೊನೆಗೆ ಎರಡನ್ನೂ ಸೆರಗಿನ ತುದಿಗೆ ಗಂಟು ಹಾಕಿಕೊಂಡರು.
ಬೆಳ್ಳಿಯ ಉಡಿದಾರವೂ ಬಂತು. ಯಂತ್ರಕ್ಕೆ ಲೋಹ ಆಗದು.

ಹಾಸನದ ನವೆಂಬರು, ನೆಲಮಾಳಿಗೆಯಲ್ಲಿ ಎ.ಸಿ. ಬೇರೆ.
ಎದೆಗೆ ತಂತಿ ಅಂಟಿಸುವಾಗ ಕೇಳಿದರು:
"ಎ.ಪಿ.ಎಂ.ಸಿ. ಯಾರ್ಡಲ್ಲಿ ಮೂವತ್ತು ವರ್ಷ
ಆಲೂಗೆಡ್ಡೆ ಕೊಂಡಿದೀನಿ ಕಣವ್ವ.
ಮೂಟೆಗೊಂದು ಗೆಡ್ಡೆ ಕುಯ್ದು ನೋಡಿ ಬೆಲೆ ಕಟ್ಟೋದು.
ಮೇಲೆ ನುಣ್ಣಗಿರ್ತದೆ, ಒಳಗೆ ಪೊಳ್ಳು.
ನೀವು ಕುಯ್ಯದೇನೇ ಹೇಳ್ತೀರಾ?"

ಹೇಳುವುದು ನಾನಲ್ಲ, ಡಾಕ್ಟರು, ಎಂದೆ.
ದಿನಕ್ಕೆ ಒಂಬತ್ತು ಸಲ ಆಡುವ ಮಾತು ಅದು.

ಉಸಿರು ತಗೊಳ್ಳಿ. ಬಿಡಿ. ಹಿಡೀರಿ.
ಗಾಜಿನ ಈಚೆ ನನಗೂ ಅಭ್ಯಾಸವಾಗಿಬಿಟ್ಟಿದೆ,
ಅವರು ಹಿಡಿದಷ್ಟು ಹೊತ್ತು ನಾನೂ ಹಿಡಿಯುತ್ತೇನೆ.
ಹಮಾಲರು ಲಾರಿಯ ಹಿಂಬಾಗಿಲು ಬಡಿದಂತೆ ಯಂತ್ರ ಬಡಿಯುತ್ತದೆ.
ಒಂದು ಮಿಡಿತಕ್ಕೂ ಇನ್ನೊಂದಕ್ಕೂ ನಡುವೆ
ಹೃದಯ ಸುಮ್ಮನಿರುವ ಆ ಚೂರು ಹೊತ್ತಿಗೆ ಕಾದು
ಒಂದು ಹೋಳು. ಕಾದು, ಇನ್ನೊಂದು.
ಈಳಿಗೆ ತಾಗದೆ ಹೆಚ್ಚಿದವು.

ತೋಳಿನಿಂದ ಹರಿಸಿದ ಮದ್ದು
ಹತ್ತು ನಿಮಿಷದ ಮೇಲೆ ಎಲ್ಲ ಕಡೆಯಿಂದ ತೊಳೆದುಹೋಗಿ
ಸತ್ತ ಕಡೆ ಮಾತ್ರ ತಂಗುತ್ತದೆ.
ಇಲ್ಲಿ ಲೆಕ್ಕ ತಲೆಕೆಳಗು:
ಬದುಕಿದ್ದು ಕಪ್ಪು, ಸತ್ತದ್ದು ಬಿಳಿ.
ಅಂಗಮಾರಿ ಬಿದ್ದ ಹೊಲ ನೋಡಿ ಬೆಳೆದವಳು ನಾನು.
ಮೊದಲ ವರ್ಷ ಪರದೆಯ ಮೇಲೆ ಬಿಳಿ ಕಂಡರೆ
ನನ್ನ ಪಾಡಿಗೆ ನನಗೆ ಸಮಾಧಾನವಾಗುತ್ತಿತ್ತು.

ಮೊಗಣ್ಣಯ್ಯನವರ ಎದೆಯ ಮುಂಗೋಡೆಯಲ್ಲಿ
ಬೆಳ್ಳಗೆ, ಬಾಗಿದ ಒಂದು ಉಗುರು.
ಗೋಡೆಯ ಅರ್ಧ ದಾಟಿದೆ. ಅರ್ಧ ದಾಟಿದ್ದು
ಮತ್ತೆ ಹಿಂಡುವುದನ್ನು ಕಲಿಯುವುದು ಅಪರೂಪ.
ಆ ಬಿಳಿಯ ನಡುವೆ ಸಾಸಿವೆಯಷ್ಟು ಕಪ್ಪು,
ಬದುಕಿನ ಕಪ್ಪಲ್ಲ. ಮದ್ದಿಗೂ ಹೊಗಲಾಗದ ಜಾಗ.
ನಾಳ ಬಿಡಿಸಿ ಸ್ಟೆಂಟ್ ಕೂರಿಸಿದರೂ
ರಕ್ತ ಮುಟ್ಟದ ಕೊನೆಯ ಓಣಿ.
ಪುಸ್ತಕಗಳು ಹೆದರುವುದು ಆ ಸಾಸಿವೆಗೆ.
ಮೌಸಿನಿಂದ ಅದರ ಸುತ್ತ ಗೆರೆ ಎಳೆದೆ. ಕೈ ನಡುಗಲಿಲ್ಲ.

"ನಿಮ್ಮಂಥ ನೂರು ಜನರಲ್ಲಿ," ಡಾಕ್ಟರು ಶುರುಮಾಡಿದರು,
"ವರ್ಷದೊಳಗೆ ಇಷ್ಟು ಜನ ಮತ್ತೆ ಇಲ್ಲಿಗೆ, ಇಷ್ಟು ಜನ..."
ಮೊಗಣ್ಣಯ್ಯ ಕೈ ಎತ್ತಿದರು,
ಹರಾಜು ನಿಲ್ಲಿಸುವ ಕೈ.
"ಅದು ಮೂಟೆ ಮಾತು ಸ್ವಾಮಿ.
ಸುಳ್ಳು ಅನ್ನಲ್ಲ, ಅದರ ಮೇಲೇ ಹೊಟ್ಟೆ ಹೊರೆದೋನು ನಾನು.
ಆದ್ರೆ ಆ ನೂರರಲ್ಲಿ ನಾನು ಯಾವ ಗೆಡ್ಡೆ ಅಂತ
ಚಿತ್ರದಾಗೆ ಬರ್ದೈತಾ?"

ಡಾಕ್ಟರು ಚಿತ್ರ ನೋಡಿದರು. ನಾನು ಡಾಕ್ಟರನ್ನು.
ಇಲ್ಲ, ಎಂದರು.
ಆಮೇಲೆ ಮಾತ್ರೆ, ಉಪ್ಪು, ಬೀಡಿ, ಮೂಟೆ ಎತ್ತಬಾರದು,
ಆರು ತಿಂಗಳಿಗೆ ಇನ್ನೊಮ್ಮೆ ಸ್ಕ್ಯಾನು.

ದಿನಚರಿ ತೆರೆದು ಮೇ ಹದಿನಾಲ್ಕು ಎಂದೆ.
"ಮೇ ಆಗಕಿಲ್ಲ ಕಣವ್ವ.
ಜಲಂಧರದಿಂದ ಬಿತ್ತನೆ ಗೆಡ್ಡೆ ಬರೋ ಹೊತ್ತು.
ನಾನಿಲ್ದಿದ್ರೆ ಕಣ್ಣಿಲ್ಲದ್ದೆಲ್ಲ ಚೀಲ ಸೇರ್ತದೆ.
ಜೂನ್‌ಗೆ ಹಾಕು."

ಜೂನಿನ ಪುಟದಲ್ಲಿ ಇನ್ನೂ ಯಾರೂ ಇರಲಿಲ್ಲ.

ಹೆಂಡತಿ ಗಂಟು ಬಿಚ್ಚಿ ಒಂದು ಹತ್ತಕಡಕು ತೊಡಿಸಿದರು,
ಇನ್ನೊಂದರ ತಿರುಪು ಕೂರಲಿಲ್ಲ.
ಒಂದೇ ಕಿವಿ ಮಿನುಗಿಸುತ್ತ
ಅವರು ಮೆಟ್ಟಿಲ ಕಡೆ ಹೆಜ್ಜೆ ಹಾಕಿದ್ದರು;
ಆಕೆ ತೋಳು ಹಿಡಿದು
ಲಿಫ್ಟಿನ ಕಡೆ ತಿರುಗಿಸಿದರು.